ತಿರುವಿನ ಕೊನೆಗೆ ಹಿಂಬದಿ ಜಾರುವ ಓವಲ್ ಕಾರು: ದೋಷ ಹುಡುಕಿದ್ದು ಹೇಗೆ

ತಿರುವು ಮುಗಿಯುತ್ತಾ ಬಂತು, ಇನ್ನು ರೇಸ್ ಕೊಡೋಣ ಅಂತ ಕಾಲು ಒತ್ತಿದ ಕೂಡಲೇ ಹಿಂಬದಿ ಹೊರಗೆ ಜಾರುತ್ತದೆ. ಗಾಡಿ ಅಡ್ಡ ನಿಲ್ಲುತ್ತದೆ. ಇದು ಓವಲ್ ಅಂದರೆ ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಸುತ್ತು ಹೊಡೆಯುವ ನಮ್ಮ ಗಾಡಿಯ ದೂರು. ಮೂರು ವಾರ ಇದರ ಬೆನ್ನು ಹತ್ತಿದೆವು. ಒಂದೊಂದು ಸಲ ಪಾನಾ ಹಿಡಿದಾಗಲೂ ಗಾಡಿ ಇನ್ನಷ್ಟು ಕೆಟ್ಟಿತು. ಯಾಕೆಂದರೆ ನಾವು ಹಿಂದಿನ ಚಕ್ರಗಳನ್ನು ನೋಡುತ್ತಿದ್ದೆವು. ದೋಷ ಮುಂದಿನ ಚಕ್ರಗಳಲ್ಲಿ ಶುರುವಾಗುತ್ತಿತ್ತು. ಇಂಥದೇ ದೂರು ನಿಮ್ಮ ಗಾಡಿಗೂ ಇದ್ದರೆ ಆ ಮೂರು ವಾರ ನಿಮಗೆ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಗಾಡಿ ಮತ್ತು ಟ್ರ್ಯಾಕ್

ಗಾಡಿ ಹಳೆಯ ಪ್ರೀಮಿಯರ್ ಪದ್ಮಿನಿ. ನಮ್ಮ ಕಡೆ ಅದನ್ನು ಫಿಯಾಟ್ ಅಂತಲೇ ಕರೆಯುತ್ತಾರೆ. 1089 ಸಿಸಿ ಎಂಜಿನ್ ಮುಂದೆ, ಎಳೆಯುವುದು ಹಿಂದಿನ ಚಕ್ರಗಳು. ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಇಡೀ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್. ಸಸ್ಪೆನ್ಷನ್ ಕಲಿಯಲು ಇದಕ್ಕಿಂತ ಒಳ್ಳೆಯ ಗಾಡಿ ಸಿಗುವುದಿಲ್ಲ ಅನ್ನುವುದು ನನ್ನ ಅನಿಸಿಕೆ. ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಸ್ಪ್ರಿಂಗ್ ಪಟ್ಟಿ ಬಡಿಸಬೇಕೆಂದರೆ ಲಾರಿ ಕೆಲಸ ಮಾಡುವವರು ಹುಬ್ಬಳ್ಳಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಸೀಟು, ಗಾಜು ಎಲ್ಲಾ ತೆಗೆದು ಒಳಗೆ ಪೈಪಿನ ರೋಲ್ ಕೇಜ್ ಕೂರಿಸಿದ್ದೇವೆ. ತಿರುವಿನಲ್ಲಿ ಎರಡು ಹಿಂದಿನ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವುದು ಡಿಫರೆನ್ಷಿಯಲ್. ಅದರ ಒಳಗಿನ ಗೇರುಗಳನ್ನು ವೆಲ್ಡ್ ಮಾಡಿಸಿದ್ದೇವೆ. ಹಾಗಾಗಿ ಎರಡೂ ಹಿಂದಿನ ಚಕ್ರಗಳು ಒಟ್ಟಿಗೇ ತಿರುಗುತ್ತವೆ. ಮುಂದೆ ಲೇತಿನಲ್ಲಿ ಮಾಡಿಸಿದ ಒಂದು ಆಂಟಿ-ರೋಲ್ ಬಾರ್ ಇದೆ, ಅಂದರೆ ಗಾಡಿ ವಾಲುವುದನ್ನು ತಡೆಯಲು ಎಡ-ಬಲ ಚಕ್ರಗಳ ನಡುವೆ ಹಾಕುವ ಕಂಬಿ. ಡ್ರೈವರ್ ಕೂತಾಗ ಒಟ್ಟು ತೂಕ 860 ಕಿಲೋ.

ಟ್ರ್ಯಾಕ್ ಅಣ್ಣಿಗೇರಿ ಕಡೆ ನಮ್ಮ ಗೆಳೆಯನ ಕಾಕಾ ಅವರ ಹೊಲದಲ್ಲಿದೆ. ಕಡಲೆ ಕಿತ್ತ ಮೇಲೆ ಖಾಲಿ ಬಿದ್ದ ಎರೆ ಭೂಮಿ. ಅದರ ಮೇಲೆ ಗರಸು ಹಾಕಿ, ಟ್ಯಾಂಕರಿನಿಂದ ನೀರು ಹೊಡೆದು, ರೋಲರ್ ಎಳೆದೆವು. 90 ಮೀಟರಿನ ಎರಡು ನೇರ ದಾರಿ, 30 ಮೀಟರ್ ತ್ರಿಜ್ಯದ ಎರಡು ತಿರುವು. ಒಂದು ಸುತ್ತು ಸುಮಾರು 370 ಮೀಟರ್. ನೆಲ ಸಪಾಟು. ಅಮೆರಿಕದ ಡೇಟೋನಾದಲ್ಲಿ ತಿರುವು 31 ಡಿಗ್ರಿ ವಾಲಿದೆ, ಅಲ್ಲಿ ನೆಲವೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ನಮ್ಮಲ್ಲಿ ಹಿಡಿಯಬೇಕಾದದ್ದು ಟೈರುಗಳು ಮಾತ್ರ. ಒಂದು ಸಲಕ್ಕೆ ಒಂದೇ ಗಾಡಿ ಬಿಡುತ್ತೇವೆ. ಹೊರಗಿನ ಅಂಚಿನಲ್ಲಿ ಯಾರೂ ನಿಲ್ಲುವಂತಿಲ್ಲ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅಮೆರಿಕದ ಓವಲ್‌ಗಳಲ್ಲಿ ಗಾಡಿಗಳು ಎಡಕ್ಕೆ ತಿರುಗುತ್ತವೆ. ಅಲ್ಲಿ ಡ್ರೈವರ್ ಕೂರುವುದೂ ಎಡಕ್ಕೆ, ಅಂದರೆ ತಿರುವಿನ ಒಳಬದಿಗೆ. ನಮ್ಮ ಸ್ಟಿಯರಿಂಗ್ ಬಲಕ್ಕಿದೆ. ನಾವೂ ಎಡಕ್ಕೆ ತಿರುಗಿದರೆ ಡ್ರೈವರಿನ ತೂಕ ಹೊರಬದಿಗೆ ಬೀಳುತ್ತದೆ. ಅದಕ್ಕೇ ನಾವು ಗುಡಿಗೆ ಪ್ರದಕ್ಷಿಣೆ ಹಾಕಿದ ಹಾಗೆ ಬಲಕ್ಕೆ ತಿರುಗುತ್ತೇವೆ. ಆದ್ದರಿಂದ ಅವರ ಪುಸ್ತಕದಲ್ಲಿ ಎಡ ಅಂತ ಇದ್ದದ್ದು ನಮಗೆ ಬಲ. ಗೊಂದಲ ಬೇಡ ಅಂತ ಈ ಬರಹದ ಉದ್ದಕ್ಕೂ ಒಳಗಿನ ಚಕ್ರ, ಹೊರಗಿನ ಚಕ್ರ ಅಂತಲೇ ಬರೆಯುತ್ತೇನೆ. ನಮ್ಮ ಗ್ಯಾರೇಜಿನಲ್ಲೂ ಈಗ ಹಾಗೇ ಮಾತಾಡುತ್ತೇವೆ. ಮಡ್‌ಗಾರ್ಡ್ ಮೇಲೆ ಪೇಂಟಿನಿಂದ ಬರೆದೇ ಇಟ್ಟಿದ್ದೇವೆ.

ತೂಕ ಎಲ್ಲಿಗೆ ಹೋಗುತ್ತದೆ

ಗಾಡಿ ತಿರುಗುವಾಗ ಒಳಗಿನ ಚಕ್ರಗಳ ಮೇಲಿನ ತೂಕ ಹೊರಗಿನವುಗಳ ಮೇಲೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಅನ್ನುವುದನ್ನು ಲೆಕ್ಕ ಹಾಕಬಹುದು. ಗಾಡಿಯ ತೂಕವನ್ನು ತಿರುವಿನ ಎಳೆತದಿಂದ ಗುಣಿಸಿ. ಅದನ್ನು ಭಾರಕೇಂದ್ರದ ಎತ್ತರದಿಂದ ಗುಣಿಸಿ. ಬಂದದ್ದನ್ನು ಎಡ-ಬಲ ಚಕ್ರಗಳ ನಡುವಿನ ಅಂತರದಿಂದ ಭಾಗಿಸಿ. ಗಟ್ಟಿ ಮಣ್ಣಿನಲ್ಲಿ ಎಳೆತ ಭೂಮಿಯ ಗುರುತ್ವದ ಅರ್ಧದಷ್ಟು ಅಂದುಕೊಳ್ಳಿ. ಭಾರಕೇಂದ್ರ ನೆಲದಿಂದ ಅರ್ಧ ಮೀಟರ್, ಚಕ್ರಗಳ ಅಂತರ 1.2 ಮೀಟರ್. 860 × 0.5 × 0.5 ÷ 1.2. ಸುಮಾರು 180 ಕಿಲೋ ಬರುತ್ತದೆ. ಇದೇ ಎಳೆತಕ್ಕೆ 30 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಾಡಿಯ ವೇಗ ಗಂಟೆಗೆ ಹತ್ತಿರ ಹತ್ತಿರ 44 ಕಿಲೋಮೀಟರ್.

ಈ ಲೆಕ್ಕದಲ್ಲಿ ಸ್ಪ್ರಿಂಗ್ ಎಲ್ಲೂ ಬರಲಿಲ್ಲ, ನೋಡಿದಿರಾ? ಮೆತ್ತಗಿನ ಸ್ಪ್ರಿಂಗ್ ಹಾಕಿದರೆ ಗಾಡಿ ಜಾಸ್ತಿ ವಾಲುತ್ತದೆ. ಜಾಸ್ತಿ ವಾಲಿದ್ದಕ್ಕೆ ಜಾಸ್ತಿ ತೂಕ ಸರಿದಿದೆ ಅಂತ ಕಣ್ಣಿಗೆ ಅನಿಸುತ್ತದೆ. ಅದು ತಪ್ಪು. ಗಟ್ಟಿ ಸ್ಪ್ರಿಂಗ್ ಇದ್ದರೂ ಮೆತ್ತಗಿದ್ದರೂ ಹೆಚ್ಚೂಕಡಿಮೆ ಅದೇ 180 ಕಿಲೋ ಸರಿಯುತ್ತದೆ. ಆ 180ರಲ್ಲಿ ಮುಂದಿನ ಜೋಡಿಯ ಪಾಲು ಎಷ್ಟು, ಹಿಂದಿನ ಜೋಡಿಯ ಪಾಲು ಎಷ್ಟು ಅನ್ನುವುದನ್ನು ಮಾತ್ರ ಸ್ಪ್ರಿಂಗ್ ಮತ್ತು ಬಾರ್ ತೀರ್ಮಾನಿಸುತ್ತವೆ. ಯಾವ ಕಡೆ ಗಟ್ಟಿಯೋ ಆ ಕಡೆ ಪಾಲು ಜಾಸ್ತಿ.

ಪಾಲು ಜಾಸ್ತಿಯಾದರೆ ಏನಾಗುತ್ತದೆ? ನೂರು ಕಿಲೋ ಚೀಲವನ್ನು ಇಬ್ಬರು ಹಮಾಲರು ಸಮ ಸಮ ಹಿಡಿದರೆ ಸಲೀಸಾಗಿ ಒಯ್ಯುತ್ತಾರೆ. ಒಬ್ಬನ ಮೇಲೆ ಎಂಬತ್ತು, ಇನ್ನೊಬ್ಬನ ಮೇಲೆ ಇಪ್ಪತ್ತು ಬಿದ್ದರೆ ಒಟ್ಟು ನೂರೇ ಇದ್ದರೂ ಜೋಡಿ ಕುಂಟುತ್ತದೆ. ಟೈರೂ ಹಾಗೇ. ಎರಡು ಪಟ್ಟು ತೂಕ ಹೇರಿದರೆ ಹಿಡಿತ ಎರಡು ಪಟ್ಟು ಆಗುವುದಿಲ್ಲ, ಸ್ವಲ್ಪ ಕಡಿಮೆಯೇ ಸಿಗುತ್ತದೆ. ಹಾಗಾಗಿ ಯಾವ ಜೋಡಿಯಲ್ಲಿ ತೂಕದ ವ್ಯತ್ಯಾಸ ಜಾಸ್ತಿಯೋ ಆ ಜೋಡಿ ಮೊದಲು ಸೋಲುತ್ತದೆ. ಮುಂದಿನ ಜೋಡಿ ಸೋತರೆ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಅದಕ್ಕೆ ನಾವು ತಳ್ಳುವುದು ಅನ್ನುತ್ತೇವೆ. ಹಿಂದಿನ ಜೋಡಿ ಸೋತರೆ ಜಾರುವುದು.

ಇನ್ನೊಂದು ತೂಕ ಇದೆ. ಅದು ಗಾಡಿ ನಿಂತಿರುವಾಗಲೇ ಕೆಲಸ ಮಾಡುತ್ತಿರುತ್ತದೆ. ಅಂಗಳದಲ್ಲಿ ಹಾಕಿದ ಹೊರಸನ್ನು ನೆನಪಿಸಿಕೊಳ್ಳಿ. ನಾಲ್ಕು ಕಾಲಿನಲ್ಲಿ ಒಂದರ ಕೆಳಗೆ ಕಟ್ಟಿಗೆಯ ಚಕ್ಕೆ ಇಟ್ಟರೆ ಆ ಕಾಲು ಮತ್ತು ಅದರ ಎದುರು ಮೂಲೆಯ ಕಾಲು ಭಾರ ಹೊರುತ್ತವೆ. ಉಳಿದೆರಡು ಹಗುರಾಗುತ್ತವೆ. ಗಾಡಿಯಲ್ಲೂ ಹೀಗೇ. ಹೊರ ಮುಂದಿನ ಚಕ್ರ ಮತ್ತು ಒಳ ಹಿಂದಿನ ಚಕ್ರ, ಈ ಎರಡರ ತೂಕ ಕೂಡಿಸಿ ಒಟ್ಟು ತೂಕದ ಶೇಕಡಾ ಎಷ್ಟು ಅಂತ ನೋಡುತ್ತೇವೆ. ಇದನ್ನು ಮೂಲೆ ತೂಕ ಅನ್ನೋಣ. ಇದು ಜಾಸ್ತಿಯಾದರೆ ಗಾಡಿ ತಳ್ಳುತ್ತದೆ. ಕಡಿಮೆಯಾದರೆ ಜಾರುತ್ತದೆ. ಅಮೆರಿಕದ ನಾಸ್ಕರ್ ರೇಸಿನಲ್ಲಿ ಗಾಡಿ ರಿಪೇರಿಗೆ ನಿಲ್ಲುವ ಜಾಗಕ್ಕೆ, ಅಂದರೆ ಪಿಟ್‌ಗೆ ಬಂದಾಗ ಹಿಂದಿನ ಗಾಜಿನ ಹತ್ತಿರ ಒಬ್ಬ ಉದ್ದ ಪಾನಾ ತೂರಿಸಿ ತಿರುಗಿಸುವುದನ್ನು ಟಿವಿಯಲ್ಲಿ ನೋಡಿರಬಹುದು. ಆತ ಮಾಡುವುದು ಇದನ್ನೇ, ಹೊರಸಿನ ಕಾಲಿಗೆ ಚಕ್ಕೆ ಇಡುವ ಕೆಲಸ.

ನಾವು ಎಲ್ಲಿ ತಪ್ಪಿದೆವು

ನಮ್ಮ ಡ್ರೈವರ್ ಹುಡುಗ ಇಳಿದು ಬಂದು ಹೇಳಿದ್ದು ಇಷ್ಟು: "ಅಣ್ಣಾ, ಹಿಂದ ಜಾರಾಕತ್ತೈತಿ. ರೇಸ್ ಕೊಟ್ಟ ಕೂಡ್ಲೆ ತಿರುಗಿ ನಿಂದರತೈತಿ."

ಹಿಂದೆ ಜಾರುತ್ತದೆ ಅಂದರೆ ಮೂಲೆ ತೂಕ ಕಡಿಮೆ ಇದೆ. ಹಾಗಾದರೆ ಒಳ ಹಿಂದಿನ ಮೂಲೆ ಎತ್ತಬೇಕು. ಪುಸ್ತಕದ ಪ್ರಕಾರ ಸರಿ. ಆಕ್ಸಲ್ ಮತ್ತು ಪಟ್ಟಿಯ ನಡುವೆ 10 ಮಿಲಿಮೀಟರ್ ಪ್ಯಾಕಿಂಗ್ ಹಾಕಿದೆವು. ಮುಂದಿನ ವಾರ ಇನ್ನೊಂದು 10. ಜಾರುವುದು ನಿಲ್ಲಲಿಲ್ಲ. ಮೊದಲು ಮೆಲ್ಲಗೆ ಜಾರುತ್ತಿದ್ದ ಗಾಡಿ ಈಗ ಚಾಟಿ ಹೊಡೆದ ಹಾಗೆ ಒಮ್ಮೆಲೇ ಜಾರತೊಡಗಿತು.

ಇದನ್ನು ಬಿಡಿಸಿದವರು ಹೊಲದ ಕಾಕಾ. ಅವರು ಟ್ರ್ಯಾಕಿನ ನಡುವೆ ಬೇವಿನ ಮರದ ಕೆಳಗೆ ಕೂತು ನೋಡುತ್ತಿದ್ದರು. ಅಲ್ಲಿಂದ ಗಾಡಿಯ ಒಳಬದಿ, ಮುಂದಿನ ಗಾಲಿ ಚೆನ್ನಾಗಿ ಕಾಣುತ್ತದೆ. "ಗಾಲಿ ನೋಡ್ರೀ," ಅಂದರು. "ಪೂರಾ ತಿರುಗಿಸಿ ಹಿಡದಾನ, ಗಾಡಿ ಮಾತ್ರ ಸೀದಾ ಹೊಂಟೈತಿ. ಹಿಂದ ಟ್ರೇಲರ್‌ನ್ಯಾಗ ಲೋಡ್ ಜಾಸ್ತಿಯಾಗಿ ಟ್ರ್ಯಾಕ್ಟರ್ ಮುಂದ ಹಗುರಾದ್ರ ಹಿಂಗ ಹೋಗತೈತಿ."

ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೋ ತೆಗೆದೆವು. ಕಾಕಾ ಹೇಳಿದ್ದು ಅಕ್ಷರಶಃ ನಿಜ. ತಿರುವಿನ ನಡುವೆ ಮುಂದಿನ ಚಕ್ರಗಳು ಕೊನೆಯವರೆಗೂ ತಿರುಗಿವೆ, ಗಾಡಿ ತಿರುಗುತ್ತಿಲ್ಲ, ಹೊರಗೆ ಹೋಗುತ್ತಿದೆ. ಡ್ರೈವರ್ ಸುಮ್ಮನೆ ಕಾಯುತ್ತಿದ್ದಾನೆ. ವೇಗ ಇಳಿದ ಮೇಲೆ ಆ ಚಕ್ರಗಳು ಒಮ್ಮೆಲೇ ನೆಲ ಹಿಡಿಯುತ್ತವೆ. ಅಷ್ಟು ಓರೆಯಾಗಿ ನಿಂತ ಚಕ್ರ ಹಿಡಿದರೆ ಮೂತಿ ಜಗ್ಗಿದ ಹಾಗೆ ಒಳಗೆ ತಿರುಗುತ್ತದೆ. ಸರಿಯಾಗಿ ಆ ಕ್ಷಣಕ್ಕೇ ಆತ ರೇಸ್ ಕೊಡುತ್ತಾನೆ. ಹಿಂಬದಿ ಹೋಗದೆ ಏನು ಮಾಡೀತು? ಡ್ರೈವರಿಗೆ ಹೆದರಿಕೆಯಾಗುವುದು ಕೊನೆಯ ಜಾರಾಟದಿಂದ. ಅವನ ನೆನಪಿನಲ್ಲಿ ಉಳಿಯುವುದೂ ಅದೇ. ಅದಕ್ಕೂ ಎರಡು ಸೆಕೆಂಡ್ ಮೊದಲು ಗಾಡಿ ತಳ್ಳಿದ್ದು ಅವನಿಗೆ ದೋಷ ಅನಿಸಿರಲೇ ಇಲ್ಲ.

ಹಾಗಾಗಿ ಈಗ ಡ್ರೈವರನ್ನು ಗಾಡಿ ಏನು ಮಾಡುತ್ತದೆ ಅಂತ ಕೇಳುವ ಮೊದಲು ನಿನ್ನ ಕೈ ಏನು ಮಾಡುತ್ತಿತ್ತು ಅಂತ ಕೇಳುತ್ತೇನೆ. ತಿರುವಿನ ಬಾಯಿಯಲ್ಲಿ ಸ್ಟಿಯರಿಂಗ್ ಎಷ್ಟು ತಿರುಗಿಸಿದ್ದೆ, ನಡುವೆ ಎಷ್ಟು, ಹೊರಗೆ ಬರುವಾಗ ಎಷ್ಟು? ಸ್ಟಿಯರಿಂಗ್ ಚಕ್ರದ ಮೇಲ್ಭಾಗಕ್ಕೆ ಕೆಂಪು ಟೇಪು ಸುತ್ತಿದ್ದೇವೆ. ವಿಡಿಯೋದಲ್ಲಿ ಅದು ಕಂಡರೆ ಸಾಕು. ನಡುವೆ ಟೇಪು ಜಾಸ್ತಿ ತಿರುಗಿದ್ದರೆ, ಆಮೇಲೆ ಏನೇ ಜಾರಲಿ, ಮೂಲ ದೋಷ ತಳ್ಳುವುದೇ. ನಡುವೆ ಟೇಪು ನೆಟ್ಟಗಿದ್ದು ಕೊನೆಗೆ ಜಾರಿದರೆ ಮಾತ್ರ ಅದು ನಿಜವಾದ ಜಾರಾಟ.

ಪ್ಯಾಕಿಂಗ್ ಮುಟ್ಟುವ ಮೊದಲು

ಗಾಡಿ ಎತ್ತಿ, ಸ್ಟ್ಯಾಂಡ್ ಕೊಟ್ಟು ಕೆಳಗೆ ಹೋಗಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬೇಡಿ.

ನಮ್ಮ ಎರೆ ಮಣ್ಣಿನ ಗುಣ ಎಲ್ಲರಿಗೂ ಗೊತ್ತು. ಹಸಿ ಇದ್ದಾಗ ಅಂಟು, ಒಣಗಿದರೆ ಇಟ್ಟಿಗೆ. ಗರಸು ಹಾಕಿದ್ದರೂ ಅಂಚಿನಿಂದ ಎದ್ದು ಬಂದು ಎಲ್ಲಾ ಸಂದಿಗೂ ಸೇರುತ್ತದೆ. ರಿಮ್ಮಿನ ಒಳಗೆ ಒಂದು ಕಡೆ ಮೆತ್ತಿಕೊಂಡರೆ ಸ್ಟಿಯರಿಂಗ್ ಕುಣಿಯುತ್ತದೆ. ಜನ ಅದನ್ನು ಶಾಕ್ ಅಬ್ಸಾರ್ಬರ್ ದೋಷ ಅಂದುಕೊಳ್ಳುತ್ತಾರೆ. ಲೀಫ್ ಸ್ಪ್ರಿಂಗಿನ ತುದಿಯನ್ನು ಗಾಡಿಗೆ ಜೋಡಿಸುವ ಕೊಂಡಿ, ಅಂದರೆ ಶ್ಯಾಕಲ್ ಒಳಗೆ ಸೇರಿ ಒಣಗಿದರೆ ಪಟ್ಟಿ ಉದ್ದವಾಗಲು ಜಾಗವೇ ಇರುವುದಿಲ್ಲ. ಆಗ ಸ್ಪ್ರಿಂಗ್ ಸ್ಪ್ರಿಂಗಿನ ಹಾಗೆ ಕೆಲಸ ಮಾಡುವುದಿಲ್ಲ. ನಮ್ಮ ಗಾಡಿಯ ಎರಡೂ ಶ್ಯಾಕಲ್ ಹೀಗೆ ಕಚ್ಚಿಕೊಂಡಿದ್ದವು. ಬಿಚ್ಚಿ, ತೊಳೆದು, ಬುಶ್ ಬದಲಿಸಿದೆವು.

ಆಕ್ಸಲ್ಲನ್ನು ಪಟ್ಟಿಗೆ ಬಿಗಿಯುವ ಯು-ಬೋಲ್ಟ್ ಸಡಿಲಾಗಿದೆಯಾ ನೋಡಿ. ಪಟ್ಟಿಗಳ ನಡುವಿನ ಸೆಂಟರ್ ಬೋಲ್ಟ್ ತುಂಡಾದರೆ ಆಕ್ಸಲ್ ಒಂದು ಕಡೆ ಹಿಂದಕ್ಕೆ ಸರಿಯುತ್ತದೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಎರಡೂ ಬದಿ ಟೇಪು ಹಿಡಿದು ಅಳೆಯಿರಿ. ಈ ಗಾಡಿಯಲ್ಲಿ ಅದು 2.34 ಮೀಟರ್ ಇರಬೇಕು, ಅದಕ್ಕಿಂತ ಮುಖ್ಯವಾಗಿ ಎರಡೂ ಬದಿ ಒಂದೇ ಇರಬೇಕು. ವೀಲ್ ಬೇರಿಂಗ್, ಬಾಲ್ ಜಾಯಿಂಟ್, ಬ್ರೇಕ್ ಒಂದು ಕಡೆ ಹಿಡಿಯುತ್ತಿರುವುದು, ಇವನ್ನೆಲ್ಲಾ ಯಾವ ಗ್ಯಾರೇಜಿನವರೂ ನೋಡಿ ಹೇಳುತ್ತಾರೆ.

ಟೈರಿನ ಗಾಳಿ ಬೆಳಿಗ್ಗೆ ಗಾಡಿ ಓಡಿಸುವ ಮೊದಲೇ ನೋಡಿ, ಒಂದೇ ಗೇಜಿನಿಂದ.

ತೂಕ ಹಾಕಿದ್ದು

ರೇಸ್ ತಂಡಗಳ ಹತ್ತಿರ ನಾಲ್ಕು ಚಕ್ರಕ್ಕೆ ನಾಲ್ಕು ತಟ್ಟೆಯ ತೂಕದ ಯಂತ್ರ ಇರುತ್ತದೆ. ನಮ್ಮ ಹತ್ತಿರ ಇಲ್ಲ. ಆದರೆ ಬ್ಯಾಡಗಿಯಲ್ಲಿ ನೆಂಟರೊಬ್ಬರದು ಮೆಣಸಿನಕಾಯಿ ವ್ಯಾಪಾರ. ಚೀಲ ತೂಗುವ 300 ಕಿಲೋ ಪ್ಲಾಟ್‌ಫಾರ್ಮ್ ಕಾಟಾ ನಾಲ್ಕು ಇಸಿದುಕೊಂಡು ಬಂದೆವು. ಮೊದಲು ಒಂದೇ ಸಿಮೆಂಟ್ ಚೀಲವನ್ನು ನಾಲ್ಕರ ಮೇಲೂ ಇಟ್ಟು ನೋಡಿದೆವು. ಒಂದು ಕಾಟಾ ಅರ್ಧ ಕಿಲೋ ಜಾಸ್ತಿ ತೋರಿಸುತ್ತಿತ್ತು, ಅದನ್ನು ಬರೆದಿಟ್ಟುಕೊಂಡೆವು.

ನಾಲ್ಕೂ ಕಾಟಾದ ಮೇಲ್ಮೈ ಒಂದೇ ಮಟ್ಟದಲ್ಲಿರಬೇಕು. ಇದಕ್ಕೆ ಗೌಂಡಿಗಳು ಬಳಸುವ ನೀರಿನ ಲೆವೆಲ್ ಪೈಪಿಗಿಂತ ಒಳ್ಳೆಯ ಸಾಧನ ಬೇರೆ ಬೇಕಿಲ್ಲ. ಒಂದು ಸೆಂಟಿಮೀಟರ್ ತಪ್ಪಿದರೂ ಲೆಕ್ಕದಲ್ಲಿ ಕೆಲವು ಕಿಲೋ ಸುಳ್ಳು ಬರುತ್ತದೆ. ಟೈರಿನ ಕೆಳಗೆ ಎರಡು ತಗಡು, ನಡುವೆ ಗ್ರೀಸ್ ಹಚ್ಚಿ ಇಡಿ. ಗಾಡಿ ಕೆಳಗೆ ಇಳಿದಾಗ ಟೈರುಗಳು ಅಗಲವಾಗಿ ಸರಿಯಬೇಕು. ಕಾಟಾದ ಮೇಲೆ ಅಂಟಿಕೊಂಡು ನಿಂತರೆ ಸ್ಪ್ರಿಂಗ್ ಪೂರ್ತಿ ಕೂರುವುದಿಲ್ಲ. ಡ್ರೈವರ್ ಹೆಲ್ಮೆಟ್ ಹಾಕಿ ಒಳಗೆ ಕೂರಬೇಕು. ಪೆಟ್ರೋಲ್ ಓಡಿಸುವಾಗ ಎಷ್ಟು ಇರುತ್ತದೋ ಅಷ್ಟೇ ಇರಬೇಕು. ಮೂತಿ, ಬಾಲ ಎರಡನ್ನೂ ನಾಲ್ಕೈದು ಸಲ ಒತ್ತಿ ಬಿಟ್ಟು ಆಮೇಲೆ ಓದಿ. ಮತ್ತೆ ಒತ್ತಿ, ಮತ್ತೆ ಓದಿ.

ಈ ಎರಡನೇ ಸಲದ ಓದು ಬಹಳ ಮುಖ್ಯ. ಶ್ಯಾಕಲ್ ಕಚ್ಚಿಕೊಂಡಿದ್ದು ನಮಗೆ ಗೊತ್ತಾಗಿದ್ದೇ ಇದರಿಂದ. ಪ್ರತಿ ಸಲ ಒತ್ತಿ ಬಿಟ್ಟಾಗಲೂ ಹಿಂದಿನ ಚಕ್ರಗಳ ತೂಕ ಹತ್ತು-ಹದಿನೈದು ಕಿಲೋ ಬೇರೆ ಬರುತ್ತಿತ್ತು. ಕಾಟಾ ಕೆಟ್ಟಿಲ್ಲ ಅಂತ ಸಿಮೆಂಟ್ ಚೀಲ ಆಗಲೇ ಹೇಳಿತ್ತು. ಹಾಗಾದರೆ ಕೆಳಗೆ ಎಲ್ಲೋ ಹಿಡಿಯುತ್ತಿದೆ. ಶ್ಯಾಕಲ್ ತೊಳೆದ ಮೇಲೆ ವ್ಯತ್ಯಾಸ ಒಂದೆರಡು ಕಿಲೋಗೆ ಇಳಿಯಿತು. ನಿಮ್ಮ ಓದುಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಸರಾಸರಿ ತೆಗೆದು ಮುಂದೆ ಹೋಗಬೇಡಿ. ನಿಂತು, ಹಿಡಿಯುವ ಜಾಗ ಹುಡುಕಿ.

ಆಗ ಬಂದ ತೂಕ ಇದು. ಒಳ ಮುಂದಿನದು 205, ಹೊರ ಮುಂದಿನದು 245. ಒಳ ಹಿಂದಿನದು 242, ಹೊರ ಹಿಂದಿನದು 168. ಒಟ್ಟು 860. ಮೂಲೆ ತೂಕ 245 ಮತ್ತು 242, ಅಂದರೆ 487 ಕಿಲೋ. ಶೇಕಡಾ 56.6. ಗಾಡಿ ಯಾಕೆ ತಳ್ಳುತ್ತಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಹೊರ ಹಿಂದಿನ ಚಕ್ರಕ್ಕಿಂತ ಒಳ ಹಿಂದಿನದರ ಮೇಲೆ 74 ಕಿಲೋ ಜಾಸ್ತಿ ಇದೆ. ಎರಡೂ ಒಂದೇ ಆಕ್ಸಲ್‌ಗೆ ಬಿಗಿದಿವೆ. ರೇಸ್ ಕೊಟ್ಟಾಗ ಒಳಗಿನದು ಗಾಡಿಯನ್ನು ಹೊರಗೆ ನೂಕುತ್ತದೆ.

ಒಂದು ಸಣ್ಣ ನಿಯಮ ನೆನಪಿಡಿ. ಪ್ಯಾಕಿಂಗ್ ಎಷ್ಟೇ ಹಾಕಿ ತೆಗೆದರೂ ಮುಂದಿನ ಜೋಡಿಯ ಒಟ್ಟು ತೂಕ ಬದಲಾಗುವುದಿಲ್ಲ. ನಮ್ಮಲ್ಲಿ ಅದು 450. ಒಳಬದಿಯ ಒಟ್ಟೂ ಬದಲಾಗುವುದಿಲ್ಲ. ಅದು 447. ಅವನ್ನು ಬದಲಿಸಬೇಕೆಂದರೆ ಬ್ಯಾಟರಿ, ಟ್ಯಾಂಕ್, ಸೀಟು ಇಂಥ ನಿಜವಾದ ಭಾರವನ್ನೇ ಎತ್ತಿ ಬೇರೆ ಕಡೆ ಇಡಬೇಕು. ನಾವು ಬ್ಯಾಟರಿಯನ್ನು ಆಗಲೇ ಸೀಟಿನ ಹಿಂದೆ ಒಳಬದಿಗೆ ತಂದಿದ್ದೆವು. ಕಾಗದದ ಮೇಲಿನ ಈ ಎರಡು ಮೊತ್ತ ಪ್ಯಾಕಿಂಗ್ ನಂತರ ಬದಲಾಗಿ ಕಂಡರೆ ತೂಕ ಹಾಕಿದ್ದರಲ್ಲೇ ಎಲ್ಲೋ ತಪ್ಪಾಗಿದೆ.

ಒಂದೊಂದೇ ಬಿಚ್ಚಿದಾಗ

ಮೊದಲು ಆಂಟಿ-ರೋಲ್ ಬಾರಿನ ಒಂದು ಕೊಂಡಿ ಬಿಚ್ಚಿದೆವು. ತೂಕ ಹಾಕುವಾಗ ಬಿಚ್ಚಬೇಕು ಅಂತ ಗೊತ್ತಿತ್ತು, ಆದರೆ ಬಿಚ್ಚುವ ಮೊದಲೂ ಒಮ್ಮೆ ಓದಿದ್ದು ಒಳ್ಳೆಯದಾಯಿತು. ಬೋಲ್ಟ್ ಸುಲಭವಾಗಿ ಬರಲಿಲ್ಲ. ಸುತ್ತಿಗೆಯಿಂದ ಹೊಡೆದಾಗ ಟಣ್ ಅಂತ ಹಾರಿತು. ಅಂದರೆ ಬಾರ್ ನಿಂತಲ್ಲೇ ತಿರುಚಿಕೊಂಡಿತ್ತು. ಹಿಂದೊಮ್ಮೆ ಬುಶ್ ಬದಲಿಸುವಾಗ ಒಂದೇ ಬದಿ ಜಾಕ್ ಕೊಟ್ಟು, ಒಂದು ಚಕ್ರ ನೇತಾಡುತ್ತಿರುವಾಗಲೇ ಕೊಂಡಿ ಬಿಗಿದಿದ್ದೆವು. ಗಾಡಿ ಕೆಳಗಿಳಿದ ಮೇಲೆ ಆ ಬಾರ್ ಹೊರ ಮುಂದಿನ ಚಕ್ರವನ್ನು ಸದಾ ಒತ್ತುತ್ತಾ ನಿಂತಿತು. ಕೊಂಡಿ ಬಿಚ್ಚಿದ ಮೇಲೆ ಮೂಲೆ ತೂಕ 487ರಿಂದ 467ಕ್ಕೆ ಇಳಿಯಿತು. ಕೊಂಡಿಯ ಉದ್ದ ಸರಿ ಮಾಡಿಸಿ, ನಾಲ್ಕೂ ಚಕ್ರ ನೆಲದ ಮೇಲಿದ್ದಾಗ, ಡ್ರೈವರ್ ಒಳಗಿದ್ದಾಗ, ಬೋಲ್ಟ್ ಕೈಯಿಂದಲೇ ಒಳಗೆ ಹೋಗುವ ಹಾಗೆ ಜೋಡಿಸಿದೆವು.

ಅಷ್ಟಕ್ಕೇ ನಿಲ್ಲಿಸಿ ಟ್ರ್ಯಾಕಿಗೆ ಹೋದೆವು. ಉಳಿದದ್ದೂ ಒಟ್ಟಿಗೆ ಮಾಡಿಬಿಡೋಣ ಅಂತ ಎಲ್ಲರಿಗೂ ಆಸೆ ಇತ್ತು. ಮಾಡಲಿಲ್ಲ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತು ಅಂತ ಆಮೇಲೆ ಹೇಳಲು ಬರುವುದಿಲ್ಲ. ಸುತ್ತಿನ ಸಮಯ 27.8 ಸೆಕೆಂಡಿನಿಂದ 27.1ಕ್ಕೆ ಬಂತು. ಜಾರುವುದು ಇನ್ನೂ ಇತ್ತು, ಆದರೆ ಆ ಚಾಟಿಯ ಹೊಡೆತ ಹೋಗಿತ್ತು.

ಮುಂದಿನ ಭಾನುವಾರ 20 ಮಿಲಿಮೀಟರ್ ಪ್ಯಾಕಿಂಗ್ ಪೂರ್ತಿ ತೆಗೆದೆವು. ತೂಕ ಹೀಗಾಯಿತು: ಒಳ ಮುಂದೆ 227, ಹೊರ ಮುಂದೆ 223, ಒಳ ಹಿಂದೆ 220, ಹೊರ ಹಿಂದೆ 190. ಮೂಲೆ ತೂಕ 443, ಶೇಕಡಾ 51.5. ಸಮಯ 26.4. ಜಾರುತ್ತದೆ ಅಂತ ದೂರಿದ್ದ ಗಾಡಿಯ ಮೂಲೆ ತೂಕ ಇಳಿಸಿದ್ದಕ್ಕೆ ಜಾರುವುದು ನಿಂತಿತು! ಡ್ರೈವರ್ ಮೊದಲು ಒಪ್ಪಿರಲಿಲ್ಲ. "ಅಣ್ಣಾ, ಇನ್ನಷ್ಟು ಜಾರತೈತಿ, ನಾ ಹೇಳತೇನಿ" ಅಂದಿದ್ದ. ಮೂರು ಸುತ್ತು ಹೊಡೆದು ಬಂದವನು ಸ್ಟಿಯರಿಂಗ್ ಮೇಲಿನ ಕೆಂಪು ಟೇಪು ತೋರಿಸಿದ. ಈಗ ಅದು ಅರ್ಧ ಮಾತ್ರ ತಿರುಗುತ್ತಿತ್ತು.

ಕೊನೆಯದು ಟೈರ್. ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗುವುದರಿಂದ ಹೊರಗಿನ ಟೈರ್ ದೊಡ್ಡದಿರಬೇಕು. ಐಸ್‌ಕ್ರೀಂ ಕೋನ್ ಮೇಜಿನ ಮೇಲೆ ಉರುಳಿಸಿದರೆ ಅದು ತಾನೇ ತಿರುಗುತ್ತದಲ್ಲ, ಹಾಗೆ. ನಮ್ಮ ತಿರುವಿಗೆ ಎಷ್ಟು ಬೇಕು? ತಿರುವಿನ ತ್ರಿಜ್ಯ 30 ಮೀಟರ್. ಹೊರಗಿನ ಚಕ್ರದ ದಾರಿಯ ತ್ರಿಜ್ಯ 30.6, ಒಳಗಿನದರದು 29.4. ವ್ಯತ್ಯಾಸ ಶೇಕಡಾ 4. ನಮ್ಮ ಟೈರಿನ ಸುತ್ತಳತೆ 185 ಸೆಂಟಿಮೀಟರ್. ಅದರ ಶೇಕಡಾ 4 ಅಂದರೆ ಏಳೂವರೆ ಸೆಂಟಿಮೀಟರ್. ಅಷ್ಟೂ ಕೊಟ್ಟರೆ ನೇರ ದಾರಿಯಲ್ಲಿ ಗಾಡಿ ಒಳಗೆ ಎಳೆಯುತ್ತದೆ, ಹಾಗಾಗಿ ಅರ್ಧದ ಆಸುಪಾಸು ಇಟ್ಟುಕೊಳ್ಳುತ್ತೇವೆ. ಸೀಸನ್ ಶುರುವಿನಲ್ಲಿ ನಾಲ್ಕೂವರೆ ಇತ್ತು. ಈಗ ಅಳತೆ ಟೇಪು ಹಿಡಿದರೆ ಒಂದೇ ಒಂದು ಸೆಂಟಿಮೀಟರ್. ನಡುವೆ ಹೊರಗಿನ ಟೈರ್ ಹರಿದಾಗ ಕೈಗೆ ಸಿಕ್ಕ ಸವೆದ ಟೈರ್ ಹಾಕಿಸಿದ್ದೆವು. ಸೈಡಿನ ಮೇಲೆ ಬರೆದ ಸೈಜ್ ಒಂದೇ, ಆದರೆ ನಿಜವಾದ ಸುತ್ತಳತೆ ಬೇರೆ. ಟೈರಿನ ಮೇಲೆ ಬರೆದದ್ದನ್ನು ನಂಬಬೇಡಿ, ಗಾಳಿ ತುಂಬಿಸಿ ಟೇಪು ಸುತ್ತಿ ನೋಡಿ.

ಹೊರಗಿನ ಟೈರ್ ಬದಲಿಸಿ ವ್ಯತ್ಯಾಸವನ್ನು 5 ಸೆಂಟಿಮೀಟರಿಗೆ ತಂದೆವು. ಇಲ್ಲೊಂದು ಗುಟ್ಟು ಇದೆ. ಸುತ್ತಳತೆ 4 ಸೆಂಟಿಮೀಟರ್ ಹೆಚ್ಚಾದರೆ ಆ ಮೂಲೆ 6 ಮಿಲಿಮೀಟರ್ ಏಳುತ್ತದೆ. ಅಂದರೆ ಹೊರಸಿನ ಬೇರೆ ಕಾಲಿಗೆ ಚಕ್ಕೆ ಇಟ್ಟ ಹಾಗಾಯಿತು. ಮತ್ತೆ ತೂಕ ಹಾಕಿದಾಗ 443 ಇದ್ದದ್ದು 436 ಆಗಿತ್ತು. ಒಳ ಹಿಂದಿನ ಮೂಲೆಗೆ 6 ಮಿಲಿಮೀಟರಿನ ತೆಳು ಪ್ಯಾಕಿಂಗ್ ಕೊಟ್ಟು ಮರಳಿ 443ಕ್ಕೆ ತಂದೆವು. ಹೀಗೆ ಮಾಡಿದ್ದರಿಂದಲೇ ಟೈರಿನ ಪರಿಣಾಮ ಬೇರೆಯಾಗಿ ಕಂಡಿತು: 26.0.

ನಿಮ್ಮ ದೂರು ಬೇರೆ ಇದ್ದರೆ

ಗಾಡಿ ತಿರುವಿನ ಬಾಯಿಯಲ್ಲೇ, ಬ್ರೇಕ್ ಬಿಡುವ ಹೊತ್ತಿಗೆ ಹಿಂದೆ ಜಾರಿದರೆ ಮೊದಲು ಬ್ರೇಕ್ ನೋಡಿ. ಹಿಂದಿನ ಡ್ರಮ್ ಜಾಸ್ತಿ ಹಿಡಿಯುತ್ತಿರಬಹುದು. ಆಮೇಲೆ ಶಾಕ್ ಅಬ್ಸಾರ್ಬರ್. ಶಾಕ್ ಅಬ್ಸಾರ್ಬರ್ ತೂಕ ಎಷ್ಟು ಸರಿಯಬೇಕು ಅನ್ನುವುದನ್ನು ಬದಲಿಸುವುದಿಲ್ಲ, ಎಷ್ಟು ಬೇಗ ಸರಿಯಬೇಕು ಅನ್ನುವುದನ್ನು ಬದಲಿಸುತ್ತದೆ. ಹಾಗಾಗಿ ಗಾಡಿ ವಾಲುತ್ತಿರುವಾಗ ಮತ್ತು ಏಳುತ್ತಿರುವಾಗ ಮಾತ್ರ ಅದರ ಮಾತು ನಡೆಯುತ್ತದೆ. ತಿರುವಿನ ನಟ್ಟನಡುವೆ ಗಾಡಿ ಒಂದೇ ಸಮ ವಾಲಿ ನಿಂತಾಗ ಇರುವ ದೋಷಕ್ಕೆ ದುಬಾರಿ ಶಾಕ್ ಅಬ್ಸಾರ್ಬರ್ ಹಾಕಿಸಿ ಫಲವಿಲ್ಲ.

ನಡುವೆಯೇ ತಳ್ಳಿದರೆ, ಮೂಲೆ ತೂಕವೂ ಸರಿ ಇದ್ದರೆ, ಮುಂದಿನ ಬಾರ್ ಅಥವಾ ಸ್ಪ್ರಿಂಗ್ ಹಿಂದಿನದಕ್ಕಿಂತ ಜಾಸ್ತಿ ಗಟ್ಟಿ ಇದೆ. ಮೊದಲು ಬಾರ್ ಬಿಚ್ಚಿಟ್ಟು ಮೂರು ಸುತ್ತು ಓಡಿಸಿ, ಅದು ಖರ್ಚಿಲ್ಲದ ಪರೀಕ್ಷೆ. ಹೊರ ಮುಂದಿನ ಟೈರಿನ ಹೊರ ಅಂಚು ಮಾತ್ರ ಸವೆಯುತ್ತಿದ್ದರೆ ಕ್ಯಾಂಬರ್, ಅಂದರೆ ಚಕ್ರದ ತಲೆಯ ವಾಲು ಸಾಲದು. ಓವಲ್‌ನಲ್ಲಿ ಹೊರ ಮುಂದಿನ ಚಕ್ರದ ತಲೆ ಒಳಗೆ ವಾಲಿರಬೇಕು, ಒಳ ಮುಂದಿನ ಚಕ್ರದ ತಲೆಯೂ ತಿರುವಿನ ಒಳಬದಿಗೇ ವಾಲಿರಬೇಕು. ರಸ್ತೆ ಗಾಡಿಯ ಹಾಗೆ ಎರಡೂ ಒಂದೇ ಅಳತೆಗೆ ಇಡುವಂತಿಲ್ಲ. ಅಲೈನ್‌ಮೆಂಟ್ ಮಾಡುವವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ. ಇಲ್ಲದಿದ್ದರೆ ಪಾಪ, ಅವರು ತಮ್ಮ ರೂಢಿಯಂತೆ ಎರಡನ್ನೂ ಸಮ ಮಾಡಿ ಕೊಡುತ್ತಾರೆ.

ಸ್ಟಿಯರಿಂಗಿನ ಕೆಂಪು ಟೇಪು ನೆಟ್ಟಗಿದ್ದೂ ಹೊರಗೆ ಬರುವಾಗ ಜಾರಿದರೆ, ಆಗ ನಾವು ಮೊದಲು ಮಾಡಿದ ಮದ್ದು ಸರಿಯಾದ ಮದ್ದು. ಒಳ ಹಿಂದಿನ ಮೂಲೆ ಸ್ವಲ್ಪ ಎತ್ತಿ, ಒಂದು ಸಲಕ್ಕೆ 5 ಮಿಲಿಮೀಟರಿಗಿಂತ ಜಾಸ್ತಿ ಬೇಡ.

ಮಧ್ಯಾಹ್ನದ ನೆಲ

ಬೆಳಿಗ್ಗೆ ಏಳಕ್ಕೆ ನೀರು ಹೊಡೆದ ಟ್ರ್ಯಾಕ್ ಬೇರೆ, ಹನ್ನೊಂದರ ಬಿಸಿಲಿನ ಟ್ರ್ಯಾಕ್ ಬೇರೆ. ಏಪ್ರಿಲ್ ಬಿಸಿಲಿಗೆ ಗರಸು ಒಣಗಿ ಮೇಲೆ ಧೂಳು ಕೂರುತ್ತದೆ, ಹಿಡಿತ ಇಳಿಯುತ್ತದೆ. ಹಿಡಿತ ಇಳಿದರೆ ಎಳೆತ ಇಳಿಯುತ್ತದೆ, ಎಳೆತ ಇಳಿದರೆ ಮೊದಲು ಲೆಕ್ಕ ಹಾಕಿದ ಆ 180 ಕಿಲೋ ಕೂಡ ಇಳಿಯುತ್ತದೆ. ಗಾಡಿ ಬೆಳಿಗ್ಗೆಯಷ್ಟು ವಾಲುವುದೇ ಇಲ್ಲ, ಬೇರೆ ಗಾಡಿಯ ಹಾಗೆ ನಡೆದುಕೊಳ್ಳುತ್ತದೆ. ಬೆಳಿಗ್ಗೆ ಒಂದು ಬದಲಾವಣೆ, ಮಧ್ಯಾಹ್ನ ಅದರ ಪರೀಕ್ಷೆ ಅಂತ ಮಾಡಿದರೆ ನೀವು ಅಳೆಯುವುದು ಬಿಸಿಲನ್ನು. ನಾವು ಈಗ ಏಳರಿಂದ ಒಂಬತ್ತರವರೆಗೆ ಮಾತ್ರ ಪರೀಕ್ಷೆ ಮಾಡುತ್ತೇವೆ. ಹಳೆಯ ಸೆಟ್ಟಿಂಗ್‌ನಲ್ಲಿ ಮೂರು ಸುತ್ತು, ಹೊಸದರಲ್ಲಿ ಮೂರು, ಮತ್ತೆ ಹಳೆಯದಕ್ಕೆ ಮರಳಿ ಮೂರು. ಎರಡು ಸಲದ ಹಳೆಯ ಸಮಯಗಳು ಒಂದೇ ಬಂದರೆ ಮಾತ್ರ ನಡುವಿನ ಮೂರನ್ನು ನಂಬುತ್ತೇವೆ.

ಒಣ ಟ್ರ್ಯಾಕಿಗೆ ಸದ್ಯ ಮಾಡುವುದು ಒಂದೇ, ಮುಂದಿನ ಬಾರಿನ ಕೊಂಡಿ ಬಿಚ್ಚಿಡುತ್ತೇವೆ. ಮೂತಿ ಮೆತ್ತಗಾಗಿ ನೆಲಕ್ಕೆ ಸ್ವಲ್ಪ ಹೊಂದಿಕೊಳ್ಳುತ್ತದೆ. ಹೋದ ವಾರ ಸಂಜೆ ಅಡ್ಡ ಮಳೆ ಬಿದ್ದು ಟ್ರ್ಯಾಕ್ ಪೂರ್ತಿ ಕೆಸರಾಗಿದೆ, ಎರೆ ಒಣಗಿದ ಮೇಲೆ ಬಿರುಕು ಬಿಡುವ ಕಡೆ ಮತ್ತೆ ಗರಸು ಹಾಕಬೇಕು. ಕಾಟಾಗಳನ್ನು ಬ್ಯಾಡಗಿಗೆ ವಾಪಸ್ ಕಳಿಸುವ ಮೊದಲು ಒಂದು ಸಲ ಟ್ಯಾಂಕ್ ತುಂಬಿಸಿ, ಒಂದು ಸಲ ಖಾಲಿ ಮಾಡಿ ತೂಕ ಬರೆದುಕೊಂಡಿದ್ದೇವೆ. ಡಿಕ್ಕಿಯ ಒಳಗೆ ನಾಲ್ಕು ಚೌಕ ಗೀಚಿ, ಒಂದೊಂದು ಚೌಕದಲ್ಲಿ ಒಂದೊಂದು ಚಕ್ರದ ತೂಕ, ಕೆಳಗೆ ತಾರೀಖು, ಟೈರಿನ ಗಾಳಿ, ಎರಡೂ ಹಿಂದಿನ ಟೈರಿನ ಸುತ್ತಳತೆ.